ಸಹಾಯ ಬೇಕು: ಇಂಡೋರ್ ಶಟಲ್ ಕೋರ್ಟ್‌ಗೆ ಪಿಯು (ಪಾಲಿಯುರೆಥೇನ್) ಕೋಟಿಂಗ್, ಯಾವ ಮಾಸ್ಕ್ ತಗೋಬೇಕು?

ಎಲ್ರಿಗೂ ನಮಸ್ಕಾರ. ದಾವಣಗೆರೆ ಹತ್ರ ಒಂದು ಶಟಲ್ ಕೋರ್ಟ್ ಕೆಲಸ ಸಿಕ್ಕಿದೆ, ಇಷ್ಟು ದಿನ ಬಯಲಲ್ಲಿ ಟೆನಿಸ್, ಬಾಸ್ಕೆಟ್‌ಬಾಲ್ ಕೋರ್ಟ್‌ಗೆ ನೀರು ಬೆರೆಸಿ ಎಳೆಯೋ ಅಕ್ರಿಲಿಕ್ಕೇ ಮಾಡ್ತಿದ್ವಿ, ಅದ್ರಲ್ಲಿ ಇಷ್ಟು ತಲೆಬಿಸಿ ಇರ್ಲಿಲ್ಲ. ಈ ಸಲ ಓನರ್‌ಗೆ ಎರಡು ಡಬ್ಬ ಮಿಕ್ಸ್ ಮಾಡೋ ಪಿಯುನೇ ಬೇಕಂತೆ. ಕೋಟಿಂಗ್ ಗಟ್ಟಿಯಾಗಿಸೋ ಹಾರ್ಡನರ್ ಡಬ್ಬದ ಮೇಲೆ ಐಸೋಸೈನೇಟ್ ಅನ್ನೋ ಕೆಮಿಕಲ್ ಹೆಸರಿದೆ. ಅದು ಉಸಿರಲ್ಲಿ ಹೋದ್ರೆ ಆಸ್ತಮಾ ಬರಬಹುದು, ಒಂದ್ಸಲ ಮೈಗೆ ಅಲರ್ಜಿ ಹಿಡೀತು ಅಂದ್ರೆ ಆಮೇಲೆ ಚೂರು ಸೋಕಿದ್ರೂ ಎದೆ ಬಿಗಿಯತ್ತೆ ಅನ್ನೋದು ಗೊತ್ತು. ಸಪ್ಲೈಯರ್ ಮಾತ್ರ "ಕರ್ಚೀಫ್ ಕಟ್ಕೊಳಿ ಸಾರ್, ಸಾಕು" ಅಂತಾನೆ, ಸೇಫ್ಟಿ ಡೇಟಾ ಶೀಟ್ ಕೇಳಿದ್ರೆ ಇವತ್ತು ನಾಳೆ ಅಂತ ಸಾಗ ಹಾಕ್ತಿದಾನೆ.

ಶೆಡ್ಡು ತಗಡಿಂದು, ಎರಡು ಶಟರ್, ಎತ್ತರದಲ್ಲಿ ಒಂದು ಎಕ್ಸಾಸ್ಟ್ ಫ್ಯಾನು. ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಕೂರತ್ತೆ, ನಮ್ ಹುಡುಗ್ರು ಬಗ್ಗಿ ರೋಲರ್ ಎಳೆಯೋದೂ ಅಲ್ಲೇ, ಹಂಗಾಗಿ ಆ ಫ್ಯಾನು ಇದ್ದೂ ಇಲ್ಲದಂಗೆ. ಒಂದು ಶಟರ್ ಹತ್ರ ಕೆಳಗೆ ಬ್ಲೋವರ್ ಇಟ್ಟು ಹೊರಗೆ ಎಳೆಸಿ ಇನ್ನೊಂದು ತೆಗೆದಿಟ್ರೆ ಸಾಕಾ? ಬೆಂಕಿ ಭಯ ಬೇರೆ, ಕಿಡಿ ಬಾರದ ಬ್ಲೋವರ್ ಬಾಡಿಗೆಗೆ ಎಲ್ಲಿ ಸಿಗತ್ತೆ?

ಎನ್95 ಕಾಂಕ್ರೀಟ್ ಗ್ರೈಂಡಿಂಗ್ ಧೂಳಿಗಷ್ಟೇ, ಆವಿ ತಡೆಯಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ (ಥಿನ್ನರ್ ತರದ ಆವಿ ಹೀರೋ ಫಿಲ್ಟರ್ ಡಬ್ಬಿ) ಇರೋ ಮಾಸ್ಕ್ ನೋಡ್ತಿದೀನಿ. ರೋಲರ್ ಕೆಲಸಕ್ಕೆ ಅರ್ಧ ಮುಖದ್ದು ಆಗತ್ತಾ, ಪೂರ್ತಿ ಮುಖದ್ದೇ ಬೇಕಾ, ಕಾರ್ಟ್ರಿಜ್ ಎಷ್ಟು ಗಂಟೆಗೆ ಬದಲಾಯಿಸ್ತೀರ? ಒಬ್ಬ ಹುಡುಗ ಗಡ್ಡ ಬಿಟ್ಟಿದಾನೆ, ಮಾಸ್ಕ್ ಕೂರಲ್ಲ ಬೋಳಿಸೋ ಅಂದ್ರೆ ಮದುವೆ ಇದೆ ಅಣ್ಣ ಅಂತಾನೆ, ಅವನನ್ನ ಗೇಟ್ ಹತ್ರ ಲೋಡಿಂಗ್‌ಗೆ ಹಾಕಿದೀನಿ. ಪಿಯು ಮಾಡಿರೋರು ದಯವಿಟ್ಟು ಹೇಳಿ.