ಹಿತ್ತಿಲಿನ ಈಜುಕೊಳ: ಗುತ್ತಿಗೆದಾರರಿಗೆ ಮುಂಗಡ ಎಷ್ಟು ಕೊಟ್ಟಿರಿ?

ಮೈಸೂರಿನಿಂದ ಪ್ರಶ್ನೆ: ಹಿತ್ತಿಲಿನಲ್ಲಿ 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳದ ಕಾಂಕ್ರೀಟ್ ಕೊಳ ಕಟ್ಟಿಸಬೇಕೆಂದಿದ್ದೇವೆ. ಗುತ್ತಿಗೆದಾರರು ಅರ್ಧ ಹಣವನ್ನು ಮುಂಗಡವಾಗಿ ಕೇಳುತ್ತಿದ್ದಾರೆ. ಕೊಡಬಹುದೇ? ಕಟ್ಟಿಸಿದವರು ದಯವಿಟ್ಟು ತಿಳಿಸಿ.

ಮಂಗಳೂರಿನಿಂದ: ಮುಂಗಡದ ಮಾತು ಆಮೇಲಿರಲಿ, ಮಳೆಗಾಲದಲ್ಲಿ ನಿಮ್ಮ ಬಾವಿಯ ನೀರು ಎಷ್ಟು ಮೇಲೆ ಬರುತ್ತದೆಂದು ನೋಡಿದ್ದೀರಾ? ನಾನು ನೋಡಿರಲಿಲ್ಲ. ನಮ್ಮದೂ ಅದೇ ಅಳತೆಯ ಕೊಳ, 9 ಲಕ್ಷಕ್ಕೆ ಮಾತಾಡಿದ್ದು. ಮೊದಲ ಬೇಸಿಗೆಯಲ್ಲೇ ನೀರು ಇಳಿಯತೊಡಗಿದಾಗ ಗುತ್ತಿಗೆದಾರರು "ಬಿಸಿಲಿಗೆ ಆರುತ್ತದೆ ಸಾರ್" ಎಂದರು. ಕೊಳದ ನೀರನ್ನೇ ಒಂದು ಬಕೆಟ್ಟಿಗೆ ತುಂಬಿ, ಅದನ್ನು ಕೊಳದೊಳಗಿನ ಮೆಟ್ಟಿಲ ಮೇಲಿಟ್ಟು, ಎರಡರ ಮಟ್ಟಕ್ಕೂ ಗೆರೆ ಎಳೆದೆ. ಮರುದಿನ ಅದೇ ಹೊತ್ತಿಗೆ ಬಕೆಟ್ಟಿನಲ್ಲಿ 4 ಮಿಲಿಮೀಟರ್ ಇಳಿದಿತ್ತು, ಕೊಳದಲ್ಲಿ 11. ಹೆಚ್ಚಿನ 7 ಮಿಲಿಮೀಟರ್ ಎಂದರೆ ದಿನಕ್ಕೆ 130 ಲೀಟರ್ ನೆಲದ ಪಾಲು. ಸೋರಿಕೆ ಇದ್ದದ್ದು ದೀಪದ ಪೈಪು ಗೋಡೆ ದಾಟುವ ಜಾಗದಲ್ಲಿ. ನಾಳೆ, ನಾಡಿದ್ದು ಎನ್ನುತ್ತಾ ಕೊನೆಗೆ ಜುಲೈ ಮಳೆಯಲ್ಲಿ ಬಂದು ಕೊಳವನ್ನು ಪೂರ್ತಿ ಖಾಲಿ ಮಾಡಿಸಿದರು. ಒಳಗಿನ 22 ಟನ್ ನೀರಿನ ಭಾರ ಹೋದದ್ದೇ ತಡ, ಸುತ್ತಲಿನ ಅಂತರ್ಜಲ ತಳವನ್ನು ಒತ್ತಿ, ಇಡೀ ತೊಟ್ಟಿ ಒಂದು ಮೂಲೆಯಲ್ಲಿ 3 ಇಂಚು ಎದ್ದು ನಿಂತಿತು. ತಳದಲ್ಲಿ ಒತ್ತಡ ಬಿಡುವ ವಾಲ್ವ್ ಇದ್ದಿದ್ದರೆ ಹೊರಗಿನ ನೀರು ಒಳಗೆ ಬರುತ್ತಿತ್ತು, ಅಷ್ಟೆ. ಆ ವಾಲ್ವ್ ಇಡದೆ ಅವರು ಕೆಲವು ಸಾವಿರ ಉಳಿಸಿದರು. ನಾನು ತೆತ್ತದ್ದು ಟೈಲ್ಸ್ ಕೀಳಲು 38,000, ಪೈಪಿಗೆ 22,500, ವಾಟರ್‌ಪ್ರೂಫಿಂಗಿಗೆ 64,000, ಹೊಸ ಮೊಸಾಯಿಕ್ ಟೈಲ್ಸಿಗೆ 1,15,000. ಒಟ್ಟು 2,39,500 ರೂಪಾಯಿ.

ಬೆಂಗಳೂರಿನಿಂದ: ಅದಕ್ಕಾಗಿಯೇ ನಾನು ಕಾಂಕ್ರೀಟಿನ ಗೋಜಿಗೇ ಹೋಗದೆ ಸಿದ್ಧ ಫೈಬರ್ ಕೊಳವನ್ನು ತರಿಸಿದೆ. ಕ್ರೇನಿಗೆ 28,000 ಕೊಟ್ಟು, ಬೀದಿಯ ವಿದ್ಯುತ್ ನಿಲ್ಲಿಸಿಕೊಂಡು, ಮನೆಯ ಮೇಲಿಂದ ಇಳಿಸಿದಾಗ ಇಡೀ ಬೀದಿ ತಾರಸಿ ಏರಿ ನೋಡಿತು. ಒಂದು ಹನಿ ಸೋರಿಲ್ಲ. 2024ರ ಮಾರ್ಚಿನಲ್ಲಿ ಜಲಮಂಡಳಿಯು ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿದಾಗಲೂ, ಇದ್ದ ನೀರನ್ನೇ ಫಿಲ್ಟರ್ ಮಾಡಿ, ಕ್ಲೋರಿನ್ ಹಾಕಿ, ಮೇಲೆ ಹೊದಿಕೆ ಎಳೆದು ಕಾಪಾಡಿಕೊಂಡೆ.

ಕೋಲಾರದಿಂದ: ನಿಮ್ಮ ಊರಿನ ಬಚ್ಚಲ ನೀರನ್ನು ಶುದ್ಧೀಕರಿಸಿ 2018ರಿಂದ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ನಾವು ಸಾವಿರ ಅಡಿ ಕೊರೆಸಿಯೂ ಬರೀ ದೂಳು ಕಂಡವರು. ಹೊದಿಕೆ ಎಳೆದು ಕಾಪಾಡಿಕೊಂಡ ಸಾಹಸವನ್ನು ಇಲ್ಲಿ ಬಂದು ಹೇಳಿ.

ಬೆಂಗಳೂರಿನಿಂದ: ಕೇಳಿದ್ದು ಕೊಳ ಕಟ್ಟುವುದು ಹೇಗೆಂದು, ಕಟ್ಟಬಹುದೇ ಎಂದಲ್ಲ. ನಮ್ಮ ಮನೆಯ ಚಾವಣಿಯ ಮಳೆನೀರೂ ಅದೇ ಕೊಳಕ್ಕೆ ಬರುತ್ತದೆಂಬುದು ತಮಗೆ ತಿಳಿಯದು.

ಹುಬ್ಬಳ್ಳಿಯಿಂದ: 20 ವರ್ಷ ಈ ಗುತ್ತಿಗೆಯನ್ನೇ ಮಾಡಿದವನಾಗಿ ಎರಡು ಮಾತು ಹೇಳುತ್ತೇನೆ. ಫೈಬರ್ ಕೊಳ ಕಾಂಕ್ರೀಟಿಗಿಂತ ಹಗುರ. ಅಂತರ್ಜಲ ಮೇಲಿರುವ ಕಡೆ ಖಾಲಿ ಮಾಡಿದರೆ ಅದು ಇನ್ನೂ ಬೇಗ ಎದ್ದು ಬರುತ್ತದೆ, ಆದ್ದರಿಂದ ಬೆಂಗಳೂರಿನವರು ಹೆಮ್ಮೆಯನ್ನು ಸ್ವಲ್ಪ ತಡೆದುಕೊಳ್ಳಲಿ. ನಮ್ಮ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ, ಅದನ್ನು ತೆಗೆದು ಗರಸು ತುಂಬಿ ದಮ್ಮಸ್ಸು ಮಾಡುವ ಖರ್ಚನ್ನು ಲೆಕ್ಕಕ್ಕೆ ಸೇರಿಸಿದರೆ ಮಾಲೀಕರು ನಮ್ಮನ್ನು ಕಳ್ಳರೆನ್ನುತ್ತಾರೆ, ಬಿಟ್ಟರೆ ಗೋಡೆ ಬಿರಿದ ದಿನ ಕಳ್ಳರೆನ್ನುತ್ತಾರೆ. ಮಂಗಳೂರಿನವರನ್ನು ಒಂದೇ ಮಾತು ಕೇಳುತ್ತೇನೆ: ಟೈಲ್ಸ್ ಕೂರಿಸುವ ಮೊದಲು ಏಳು ದಿನ ನೀರು ನಿಲ್ಲಿಸಿ ನೋಡಲು ಅವಕಾಶ ಕೊಟ್ಟಿರಾ, ಇಲ್ಲವೇ ಗೃಹಪ್ರವೇಶದ ಮುಹೂರ್ತ ಹತ್ತಿರ ಬಂದಿತ್ತೋ?

ಮಂಗಳೂರಿನಿಂದ: ಮುಹೂರ್ತ ಇತ್ತು, ಒಪ್ಪುತ್ತೇನೆ. ಆದರೆ ಮುಹೂರ್ತಕ್ಕೂ ವಾಲ್ವಿಗೂ ಏನು ಸಂಬಂಧ? ತುಂಬು ಮಳೆಯಲ್ಲಿ ಕೊಳ ಬರಿದು ಮಾಡಬಾರದೆಂದು ತಿಳಿಯದವರು ಮಾಲೀಕರೇ? ನಿಮ್ಮವರನ್ನು ನೀವು ಬಿಟ್ಟುಕೊಡುವುದಿಲ್ಲವೆಂದು ಗೊತ್ತಾಯಿತು.

ಮೈಸೂರಿನಿಂದ: ಎಲ್ಲರಿಗೂ ಧನ್ಯವಾದಗಳು. ನಮ್ಮದು ಕೆಂಪು ಮಣ್ಣು, ಬಾವಿ ಇಲ್ಲ. ಅರ್ಧ ಮುಂಗಡ ಕೊಡಬಹುದೇ ಎಂಬುದಕ್ಕೆ ಯಾರೂ ಉತ್ತರಿಸಲಿಲ್ಲ.

ಹುಬ್ಬಳ್ಳಿಯಿಂದ: ಕೊಡಬೇಡಿ. ನಾನು ನೂರಕ್ಕೆ 15 ಪಡೆದು ಅಗೆತ ಆರಂಭಿಸುತ್ತಿದ್ದೆ. ತಳದ ಕಾಂಕ್ರೀಟ್, ಗೋಡೆ, ಪಂಪು ಮತ್ತು ಪೈಪು ಎಂದು ಹಂತ ಹಂತವಾಗಿ ಉಳಿದದ್ದನ್ನು ಪಡೆದು, ಕೊನೆಯ 10ನ್ನು ನೀರು ನಿಂತದ್ದನ್ನು ಮಾಲೀಕರು ಕಣ್ಣಾರೆ ಕಂಡ ಮೇಲಷ್ಟೇ ಕೇಳುತ್ತಿದ್ದೆ. ಮಂಗಳೂರಿನವರು ಆಗ ಎಷ್ಟು ಉಳಿಸಿಕೊಂಡಿದ್ದರೋ ತಿಳಿಸಲಿ.

ಮಂಗಳೂರಿನಿಂದ: ಗೃಹಪ್ರವೇಶದ ಹಿಂದಿನ ಸಂಜೆ ಪೂರ್ತಿ ಕೊಟ್ಟುಬಿಟ್ಟಿದ್ದೆ. ಜೊತೆಗೆ ಮೇಸ್ತ್ರಿಗೆ ಪಂಚೆ ಶಲ್ಯವನ್ನೂ.