ಉಣಕಲ್ ಕೆರೆ ಮಣ್ಣು: ಬ್ಲ್ಯಾಂಕ್‌ನ್ಯಾಗೂ ಪಾಲಿಎಥಿಲೀನ್ ಬರಾಕತ್ತೈತಿ, ಯಾಕ?

ಉಣಕಲ್_ನೀರು:
ಹುಬ್ಬಳ್ಳಿ ಉಣಕಲ್ ಕೆರೆ ಮಣ್ಣಾಗ ಮೈಕ್ರೋಪ್ಲಾಸ್ಟಿಕ್ (ಸಣ್ಣ ಪ್ಲಾಸ್ಟಿಕ್ ಕಣ) ಹುಡುಕಾಕತ್ತೀನಿ. ಕೆರೆದಂಡಿ ಎರೆಮಣ್ಣು 50 ಗ್ರಾಂ, 60 ಡಿಗ್ರಿಗೆ ಒಣಗಿಸಿದ್ದು. ಅಡುಗೆ ಉಪ್ಪಿನ ಸ್ಯಾಚುರೇಟೆಡ್ ದ್ರಾವಣದಾಗ ತೇಲಿಸಿ, 30% ಹೈಡ್ರೋಜನ್ ಪೆರಾಕ್ಸೈಡ್ ಕೊಟ್ಟು, ಗ್ಲಾಸ್ ಫೈಬರ್ ಫಿಲ್ಟರ್ ಮ್ಯಾಲೆ ನೈಲ್ ರೆಡ್ (ಪ್ಲಾಸ್ಟಿಕ್‌ಗೆ ಅಂಟಿ ಹೊಳೆಯೋ ಬಣ್ಣ) ಹಾಕೀನಿ. ನೀಲಿ ಬೆಳಕಿಗೆ ಫಿಲ್ಟರ್ ತುಂಬ ಮಿಣಿಮಿಣಿ. ಎಟಿಆರ್-ಎಫ್‌ಟಿಐಆರ್ (ಇನ್ಫ್ರಾರೆಡ್ ಬೆಳಕಿನಿಂದ ವಸ್ತು ಗುರುತಿಸೋ ಯಂತ್ರ) ಲೈಬ್ರರಿ ಪಾಲಿಎಥಿಲೀನ್ ಅಂತೈತಿ, ಮ್ಯಾಚ್ 85%. ಬರೇ ಡಿಸ್ಟಿಲ್ಡ್ ನೀರು ಸೋಸಿದ ಬ್ಲ್ಯಾಂಕ್‌ನ್ಯಾಗೂ ಅದ ಉತ್ತರ. ನೀರು ಬದಲಿಸಿದ್ರೂ ಹೋಗ್ಲಿಲ್ಲ.

ಪೀಕ್_ನೋಡಾಂವ:
ಸ್ಕೋರ್ ಬಿಡ್ರಿ, ಸ್ಪೆಕ್ಟ್ರಮ್ ನೋಡ್ರಿ. 2915, 2848ರ (ಸೆಂ.ಮೀ⁻¹) ಜೋಡಿ ಪೀಕ್ ಉದ್ದ ಸಿಎಚ್2 ಸರಪಳಿ ಇರೋ ಯಾವುದಕ್ಕೂ ಬರ್ತದ: ಎಲೆಯ ಮೇಣ, ಕೊಬ್ಬು, ಸ್ಟಿಯರೇಟ್. 1540ರಿಂದ 1580ರ ನಡುವೆ ಪೀಕ್ ಅದೇನು? ಇದ್ರೆ ಅದು ಕಾರ್ಬಾಕ್ಸಿಲೇಟ್ (ಸ್ಟಿಯರೇಟ್‌ನಂಥ ಕೊಬ್ಬಿನಾಮ್ಲದ ಲವಣದ ಗುರುತು), ಶುದ್ಧ ಪಾಲಿಎಥಿಲೀನ್‌ಗೆ ಅದು ಇರೂದಿಲ್ಲ. ಕೈಯಾಗ ಎಂಥ ಗ್ಲೌಸ್?

ಉಣಕಲ್_ನೀರು:
1540, 1577 ಎರಡೂ ಅದಾವ್ರಿ. ನೈಟ್ರೈಲ್, ಪೌಡರ್ ಇಲ್ಲದ್ದು.

ಪೀಕ್_ನೋಡಾಂವ:
ಹಂಗಾರ ಕ್ಯಾಲ್ಸಿಯಂ ಸ್ಟಿಯರೇಟ್ ಇರಬೇಕು. ಅಚ್ಚಿನಿಂದ ಗ್ಲೌಸ್ ಸಲೀಸಾಗಿ ಬಿಡಲಿ ಅಂತ ಕಾರ್ಖಾನ್ಯಾಗ ಹಚ್ಚಿರ್ತಾರ. ಪೌಡರ್ ಇಲ್ಲದ್ದು ಅಂದ್ರೆ ಇದೂ ಇಲ್ಲ ಅಂತಲ್ಲ. ಹೊಸ ಫಿಲ್ಟರಿಗೆ ಗ್ಲೌಸ್ ಬೆರಳು ಒಮ್ಮೆ ಒತ್ತಿ ಸ್ಕ್ಯಾನ್ ಮಾಡ್ರಿ, ಅದ ಗೆರೆ ಬಂದ್ರ ಖಾತ್ರಿ. ಮುಂದ ಫಿಲ್ಟರ್ ಮುಟ್ಟೂದು ಲೋಹದ ಫೋರ್ಸೆಪ್ಸ್‌ನಿಂದ ಮಾತ್ರ. ಎಟಿಆರ್ ವಜ್ರವನ್ನ (ಕಣ ಒತ್ತಿ ಇಡೋ ಹರಳು) ಪ್ರತಿ ಕಣದ ನಂತರ ಐಸೊಪ್ರೊಪನಾಲ್‌ನಿಂದ ಒರೆಸಿ ಬ್ಯಾಕ್‌ಗ್ರೌಂಡ್ ಮತ್ತ ತಗೊಳ್ರಿ.

ಎರೆಹೊಲ:
ಮಿಣುಕು ಬ್ಯಾರೆ ಕತಿ. ನೈಲ್ ರೆಡ್ ನೀರಾಗ ಕರಗೂದಿಲ್ಲ, ಗಂಟು ಕಟ್ಟಿ ತಾನ ಹೊಳೀತದ. ಅಸಿಟೋನ್‌ನ್ಯಾಗ ಮಿ.ಲೀ.ಗೆ 1 ಮಿ.ಗ್ರಾಂ ಸ್ಟಾಕ್ ಮಾಡಿ, ಮಿ.ಲೀ.ಗೆ 10 ಮೈಕ್ರೋಗ್ರಾಂಗೆ ತೆಳು ಮಾಡಿ, ಹಾಕೂ ಮುಂಚೆ 0.2 ಮೈಕ್ರಾನ್ ಪಿಟಿಎಫ್‌ಇ ಫಿಲ್ಟರ್‌ನ್ಯಾಗ ಸೋಸ್ರಿ.

ನಮ್ಮ ಕಡೆ ಪ್ಲಾಸ್ಟಿಕ್ ಎಳಿ ಹಂಗ ಕಾಣೋ ಹತ್ತಿ ಎಳಿ ಇನ್ನೊಂದು ಕಾಟ. ಪೆರಾಕ್ಸೈಡ್‌ಗೆ ಅದು ಪೂರ್ತಿ ಹೋಗೂದಿಲ್ಲ. ಕಾಸಿದ ಸೂಜಿ ಹತ್ರ ಒಯ್ದಾಗ ಪಾಲಿಎಸ್ಟರ್ ಮುದುಡಿ ಕರಗ್ತದ. ಹತ್ತಿ ಕರಗೂದಿಲ್ಲ, ಕರಕಾಗ್ತದ.

ಮತ್ತ ಉಪ್ಪುನೀರಿನ ಸಾಂದ್ರತೆ ಮಿ.ಲೀ.ಗೆ 1.2 ಗ್ರಾಂ ಅಷ್ಟ. ಪಿವಿಸಿ (ಪೈಪಿನ ಪ್ಲಾಸ್ಟಿಕ್), ಪೆಟ್ (ಬಾಟಲಿ ಪ್ಲಾಸ್ಟಿಕ್) ಎರಡೂ 1.38ರ ಸುತ್ತ, ಅವು ತಳದಾಗ ಕುಂತಿರ್ತಾವ. ಜಿಂಕ್ ಕ್ಲೋರೈಡ್ 1.6 ಮಾಡ್ಕೊಳ್ರಿ, ಬಳಸಿದ್ದನ್ನ ಸೋಸಿ ಇಟ್ಕೊಳ್ರಿ, ಸಿಂಕಿಗೆ ಬ್ಯಾಡ. ಅದು ಆಮ್ಲೀಯ, ಎರೆಮಣ್ಣಿನ ಸುಣ್ಣದ ಹರಳಿಗೆ ನೊರೆ ಬರ್ತದ. ದೊಡ್ಡ ಬೀಕರ್ ತಗೊಂಡು ಸ್ವಲ್ಪ ಸ್ವಲ್ಪನ ಸುರೀರಿ. ಜೇಡಿ ಬಿಡಿಸ್ಲಿಕ್ಕೆ ಮೊದಲ ಲೀಟರಿಗೆ 5.5 ಗ್ರಾಂ ಮೆಟಾಫಾಸ್ಫೇಟ್ ದ್ರಾವಣದಾಗ ಕಲಕಿ, 63 ಮೈಕ್ರಾನ್ ಜರಡಿ ಮ್ಯಾಲೆ ಚೊಲೋತ್ನಾಗ ತೊಳೀರಿ. ಅದಕ್ಕಿಂತ ಸಣ್ಣ ಕಣ ಹೋಗ್ತಾವ, ವರದಿಯಾಗ ಹಂಗ ಬರೀರಿ.

ಉಣಕಲ್_ನೀರು:
ಹಳೇ ಎಣಿಕಿಯಿಂದ ಬ್ಲ್ಯಾಂಕ್ ಕಳೆದ್ರ ಸಾಕೇನ್ರಿ?

ಪೀಕ್_ನೋಡಾಂವ:
ಸಾಲೂದಿಲ್ಲ. ಗ್ಲೌಸ್ ಪ್ರತಿ ಫಿಲ್ಟರಿಗೆ ಒಂದೇ ಲೆಕ್ಕದಾಗ ತಾಕಿರೂದಿಲ್ಲ. ಉಳಿಸಿದ ಸ್ಪೆಕ್ಟ್ರಮ್‌ಗಳನ್ನ ತೆರೆದು 1540–1580 ಪೀಕ್ ಇದ್ದದ್ದನ್ನ ಪಾಲಿಎಥಿಲೀನ್ ಪಟ್ಟಿಯಿಂದ ತೆಗೀರಿ. ನೈಲ್ ರೆಡ್ ಎಣಿಕಿ ಮಾತ್ರ ಇರೋ ಫಿಲ್ಟರ್‌ಗಳನ್ನ ಮತ್ತ ಸ್ಕ್ಯಾನ್ ಮಾಡೂದ ಸೈ.