ಐಸಿಟಿ ಟೈಟರ್ 8ರಿಂದ 16ಕ್ಕೆ ಬಂದಿದೆ, ಮಗುವಿಗೆ ಅಪಾಯವೇ?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನನ್ನದು ಓ ನೆಗೆಟಿವ್, ನಮ್ಮ ಯಜಮಾನರದು ಬಿ ಪಾಸಿಟಿವ್. ಎರಡನೆಯ ಬಸಿರು, 24 ವಾರ. ಮೊದಲ ಮಗು ಪಾಸಿಟಿವ್, ಆರೋಗ್ಯವಾಗಿಯೇ ಹುಟ್ಟಿತು. ಆದರೆ ಹೆರಿಗೆಯ ನಂತರದ ಆಂಟಿ-ಡಿ ಚುಚ್ಚುಮದ್ದನ್ನು (ಪಾಸಿಟಿವ್ ಮಗುವಿನ ರಕ್ತದ ವಿರುದ್ಧ ತಾಯಿಯ ದೇಹ ಪ್ರತಿಕಾಯ ತಯಾರಿಸದಂತೆ ತಡೆಯುವುದು) ಯಾರೂ ಕೊಡಲಿಲ್ಲ. ಕೇಳಬೇಕೆಂದು ನಮಗೂ ತಿಳಿದಿರಲಿಲ್ಲ. ಹೋದ ತಿಂಗಳು ತವರೂರಿನ ಲ್ಯಾಬಿನಲ್ಲಿ ಐಸಿಟಿ (ತಾಯಿಯ ರಕ್ತದಲ್ಲಿ ಅಂಥ ಪ್ರತಿಕಾಯವಿದೆಯೇ ಎಂದು ನೋಡುವ ಪರೀಕ್ಷೆ) ಪಾಸಿಟಿವ್ ಬಂದು ಟೈಟರ್, ಎಂದರೆ ಪ್ರತಿಕಾಯದ ಮಟ್ಟ, 1:8 ಇತ್ತು. ಈಗ ಇಲ್ಲಿನ ಲ್ಯಾಬಿನಲ್ಲಿ 1:16. ಒಂದೇ ತಿಂಗಳಲ್ಲಿ ಎರಡರಷ್ಟು! ನಿದ್ದೆ ಹತ್ತುತ್ತಿಲ್ಲ. ಈಗ ಚುಚ್ಚುಮದ್ದು ತೆಗೆದುಕೊಂಡರೆ ಇಳಿಯುವುದೇ?

ಉತ್ತರ: ಆ ಚುಚ್ಚುಮದ್ದು ತಪ್ಪಿದ್ದಕ್ಕೆ ನನಗೂ ಸಂಕಟವಾಗುತ್ತದೆ. ರಕ್ತನಿಧಿಯಲ್ಲಿ ಕುಳಿತು ನಾವು ಇಂಥ ಮಾತನ್ನು ಈಗಲೂ ಕೇಳುತ್ತಿದ್ದೇವೆ.

ಮೊದಲು ಆ ‘ಎರಡರಷ್ಟು’ ಎಂಬುದನ್ನು ಬಿಡಿಸಿ ಹೇಳುತ್ತೇನೆ. ನಿಮ್ಮ ಸೀರಮ್ಮಿಗೆ (ರಕ್ತದ ತಿಳಿ ಭಾಗಕ್ಕೆ) ಸಲೈನ್ ಬೆರೆಸಿ, ಸಾಲಾಗಿಟ್ಟ ನಳಿಕೆಗಳಲ್ಲಿ ಅರ್ಧಕ್ಕರ್ಧ ತೆಳುವಾಗಿಸುತ್ತಾ ಹೋಗುತ್ತೇವೆ: 2, 4, 8, 16, 32. ಎಲ್ಲಕ್ಕೂ ಡಿ ಪಾಸಿಟಿವ್ ಕೆಂಪುಕಣ ಹಾಕಿ, 37 ಡಿಗ್ರಿ ಶಾಖದಲ್ಲಿಟ್ಟು, ತೊಳೆದು, ಪ್ರತಿಕಾಯ ಅಂಟಿದ ಕಣಗಳನ್ನು ಒಂದಕ್ಕೊಂದು ಜೋಡಿಸುವ ಕೂಂಬ್ಸ್ ಸೀರಮ್ ಹಾಕಿ ಗಿರಗಿರನೆ ತಿರುಗಿಸುತ್ತೇವೆ. ಆಮೇಲೆ ನಳಿಕೆಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಲುಗಿಸಬೇಕು. ತಳದ ಕೆಂಪು ಗುಂಡಿ ಹೊಗೆಯಂತೆ ಎದ್ದು ಕರಗಿದರೆ ನೆಗೆಟಿವ್. ಹರಳು ಹರಳಾಗಿ ಒಡೆದರೆ ಪಾಸಿಟಿವ್. ಹರಳು ಕಂಡ ಕೊನೆಯ ನಳಿಕೆಯ ಅಂಕಿಯೇ ಟೈಟರ್. ಎಂದರೆ 8 ಮತ್ತು 16 ಅಕ್ಕಪಕ್ಕದ ನಳಿಕೆಗಳು. ಒಂದೇ ಮಾದರಿಯನ್ನು ಇಬ್ಬರು ನೋಡಿದರೂ ಒಂದು ನಳಿಕೆಯ ವ್ಯತ್ಯಾಸ ಬರಬಹುದು. ಲ್ಯಾಬ್ ಬೇರೆಯಾದರಂತೂ ಹೋಲಿಕೆಯೇ ಸಲ್ಲದು. ನಳಿಕೆಯ ಬದಲು ಜೆಲ್ ತುಂಬಿದ ಕಾರ್ಡಿನಲ್ಲಿ ಮಾಡಿದರೆ ನಳಿಕೆಗಿಂತ ಹೆಚ್ಚಿನ ಅಂಕಿಯೇ ಬರುವುದುಂಟು.

ಹಾಗೆಂದು 16 ಅನ್ನು ಕಡೆಗಣಿಸಬೇಡಿ. ಬಹಳಷ್ಟು ಕಡೆ ಅದೇ ಎಚ್ಚರಿಕೆಯ ಗೆರೆ. ಈ ವಾರವೇ ಪ್ರಸೂತಿ ತಜ್ಞರನ್ನು ಕಂಡು, ಮಗುವಿನ ಮಿದುಳಿನ ರಕ್ತನಾಳದ ಡಾಪ್ಲರ್ ಸ್ಕ್ಯಾನಿನ ಬಗ್ಗೆ ಕೇಳಿ. ಈ ಪ್ರತಿಕಾಯ ಮಗುವಿನ ಕೆಂಪುಕಣಗಳನ್ನು ಒಡೆದು ರಕ್ತಹೀನತೆ ತಂದಿದ್ದರೆ ರಕ್ತ ತೆಳುವಾಗಿ ಅಲ್ಲಿ ವೇಗವಾಗಿ ಹರಿಯುತ್ತದೆ, ಸೂಜಿ ಚುಚ್ಚದೆಯೇ ಗೊತ್ತಾಗುತ್ತದೆ. ತೀರಾ ಅಗತ್ಯ ಬಿದ್ದರೆ ಗರ್ಭದಲ್ಲೇ ಮಗುವಿಗೆ ರಕ್ತ ಕೊಡುವ ಚಿಕಿತ್ಸೆಯೂ ಇದೆ.

ಮುಂದಿನ ಟೈಟರುಗಳನ್ನು ಒಂದೇ ಲ್ಯಾಬಿನಲ್ಲಿ ಮಾಡಿಸಿ. ಹಿಂದಿನ ಸೀರಮ್ಮನ್ನು ಫ್ರೀಜರಿನಲ್ಲಿಟ್ಟು ಹೊಸದರ ಜೊತೆಯಲ್ಲೇ ಪರೀಕ್ಷಿಸಲು ಹೇಳಿ. ಹಾಗೆ ನೋಡಿದಾಗಲೂ ಎರಡು ನಳಿಕೆ ಮುಂದೆ ಹೋಗಿದ್ದರೆ ಅದು ನಿಜವಾದ ಏರಿಕೆ.

ಚುಚ್ಚುಮದ್ದು ಈಗ ಕೆಲಸ ಮಾಡದು. ಅದು ದೇಹ ಪ್ರತಿಕಾಯ ತಯಾರಿಸದಂತೆ ತಡೆಯುತ್ತದೆ, ತಯಾರಾದದ್ದನ್ನು ಅಳಿಸುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ನನ್ನ ಹೆಂಡತಿಗೆ 28ನೆಯ ವಾರದಲ್ಲಿ ಆಂಟಿ-ಡಿ ಕೊಟ್ಟಿದ್ದಾರೆ. ಆಗ ಐಸಿಟಿ ನೆಗೆಟಿವ್, 32ರಲ್ಲಿ ಪಾಸಿಟಿವ್, ಟೈಟರ್ 1:2. ಚುಚ್ಚುಮದ್ದು ಫಲಿಸಲಿಲ್ಲವೇ?

ಉತ್ತರ: ಆಂಟಿ-ಡಿ ಎಂಬುದೇ ಒಂದು ಪ್ರತಿಕಾಯ. ಬಹುಮಟ್ಟಿಗೆ ಪರೀಕ್ಷೆಯಲ್ಲಿ ಕಂಡದ್ದು ಚುಚ್ಚುಮದ್ದಿನ ಆ ಪ್ರತಿಕಾಯವೇ, ಕೆಲವು ವಾರ ರಕ್ತದಲ್ಲಿ ಉಳಿಯುತ್ತದೆ. ಲ್ಯಾಬಿನ ಚೀಟಿಯಲ್ಲಿ ಚುಚ್ಚುಮದ್ದಿನ ದಿನಾಂಕ ಬರೆಸಿ. ಈ ಪಾಸಿಟಿವ್ ನೋಡಿ ಹೆರಿಗೆಯ ನಂತರದ ಡೋಸನ್ನು ಯಾರಾದರೂ ಬೇಡವೆಂದರೆ ಈ ದಿನಾಂಕವನ್ನೇ ತೋರಿಸಿ. ಮಗು ಪಾಸಿಟಿವ್ ಆದರೆ 72 ಗಂಟೆಯೊಳಗೆ ಆ ಡೋಸ್ ಆಗಲೇಬೇಕು.